ಎರಡು ತಲೆಯ ಅತಿಥಿ

ಕುದುರೆಯನ್ನು ಕೊಳ್ಳುವವರು ಅದರ ಎತ್ತರ, ಮೈಕಟ್ಟು, ಬಣ್ಣಗಳನ್ನು ನೋಡುವುದುಂಟು. ನಮ್ಮ ಜಿಲ್ಲೆಯ ಕುಣಿಗಲು ಟಿಪ್ಪುವಿನ ಕಾಲದಿಂದಲೂ ಕುದುರೆಗೆ ಹೆಸರಾದ ಊರು. ಅಶ್ವಲಕ್ಷಣವನ್ನು ಹೇಳುವ ಗ್ರಂಥಗಳು ಹಳಗನ್ನಡದಲ್ಲಿಯೂ ಇವೆ. ಆದರೆ ಹಾವಿನ ಲಕ್ಷಣಪರೀಕ್ಷೆಗೆಂದು ಕನ್ನಡದ ಮೇಷ್ಟರ ಮನೆಗೆ ಯಾರಾದರೂ ಬಂದಾರೆಂದು ನಾನು ಎಣಿಸಿರಲಿಲ್ಲ.

ಮೊನ್ನೆ ಭಾನುವಾರ ಬೆಳಗ್ಗೆ ಗುಬ್ಬಿಯ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಾಯಿ ಕಟ್ಟಿದ ಗೋಣಿಚೀಲವನ್ನು ಹಿಡಿದು ತುಮಕೂರಿನ ನಮ್ಮ ಮನೆಗೆ ಬಂದ. ತೆಂಗಿನಕಾಯಿ ಇರಬೇಕೆಂದು ನನ್ನಾಕೆ ಸಂತೋಷದಿಂದಲೇ ಬಾಗಿಲು ತೆರೆದಳು. ಚೀಲ ಅಲುಗಿದಾಗ ಆ ಸಂತೋಷ ಅಡುಗೆಮನೆ ಸೇರಿ ಅಗುಳಿ ಹಾಕಿಕೊಂಡಿತು.

ಒಳಗಿದ್ದುದು ಮಣ್ಣುಮುಕ್ಕ ಹಾವು. ಜನ ಎರಡು ತಲೆ ಹಾವು ಎನ್ನುವುದು ಇದನ್ನೇ. ಹುಡುಗನ ತಂದೆ ತೆಂಗಿನ ಪಾತಿ ಅಗೆಯುತ್ತಿದ್ದಾಗ ಸಿಕ್ಕಿತಂತೆ. ದಲ್ಲಾಳಿಯೊಬ್ಬ ಫೋನಿನಲ್ಲಿ ಮೂರು ಪ್ರಶ್ನೆ ಕೇಳಿದನಂತೆ: ತೂಕವೆಷ್ಟು, ದಪ್ಪವೆಷ್ಟು, ಬಣ್ಣ ಯಾವುದು? ಎರಡು ಕಿಲೋ ದಾಟಿದರೆ ಲಕ್ಷಗಳ ಮಾತು. ಇದೋ ಒಂದು ಕಿಲೋ ಸಹ ಇಲ್ಲ. “ಸಾಕಿ ದಪ್ಪ ಮಾಡಿ” ಎಂದನಂತೆ. ಅದಕ್ಕೆ ಏನು ತಿನ್ನಿಸಬೇಕೆಂದು ಕೇಳಲು ಹುಡುಗ ನನ್ನಲ್ಲಿಗೆ ಬಂದಿದ್ದ. “ಓದಿದವರು ನೀವು, ಸಾರ್” ಎಂದ. ಓದಿನ ಮೇಲೆ ಇಷ್ಟು ಭಾರವನ್ನು ಹೇರಿದವರು ಬೇರೊಬ್ಬರಿಲ್ಲ!

ಪ್ರಾಣಿಶಾಸ್ತ್ರದ ಗೆಳೆಯರನ್ನು ಕರೆಸಿದೆ. ಅವರು ಹಾವನ್ನು ಮಗುವಿನಂತೆ ಎತ್ತಿಕೊಂಡರು. ಅದು ಕಚ್ಚಲಿಲ್ಲ, ಬುಸುಗುಡಲಿಲ್ಲ. ಸುರುಳಿಯೊಳಗೆ ತಲೆ ಹುದುಗಿಸಿ ಮೊಂಡು ಬಾಲವನ್ನು ಮೇಲೆತ್ತಿತು. ಶತ್ರು ಬಾಲವನ್ನೇ ತಲೆಯೆಂದು ಕಚ್ಚಲಿ, ನಿಜವಾದ ತಲೆ ಉಳಿಯಲಿ ಎಂಬುದು ಅದರ ಉಪಾಯ. ಎರಡನೆಯ ತಲೆಯ ಕತೆ ಇಷ್ಟೇ. ವಿಷವಿಲ್ಲ, ಸಡಿಲ ಮಣ್ಣಿನಲ್ಲಿ ಹುದುಗಿದ್ದು ಇಲಿಯನ್ನು ಸುತ್ತಿ ಉಸಿರುಗಟ್ಟಿಸಿ ನುಂಗುತ್ತದೆ, ಮೊಟ್ಟೆಯಿಡದೆ ಮರಿ ಹಾಕುತ್ತದೆ. ಸಾಮಾನ್ಯವಾಗಿ ಎರಡು ಮೂರು ಅಡಿಯ ಪ್ರಾಣಿ. ಎಳೆಯದರಲ್ಲಿ ಕೆಂಪು ಹೆಚ್ಚು, ಬಾಲದ ಮೇಲೆ ಕಪ್ಪು ಪಟ್ಟೆ, ವಯಸ್ಸಾದಂತೆ ಕಂದು. ಇದರ ದಾಯಾದಿ ಇನ್ನೊಂದುಂಟು: ಒರಟು ಹುರುಪೆ, ಕಲೆಕಲೆಯ ಮೈ. ಅದನ್ನು ಕೊಳಕುಮಂಡಲವೆಂದು ಬಗೆದು ಬಡಿದು ಹಾಕುವವರು ಹಲವರು. ಬಣ್ಣ ನೋಡಿ ಹಾವಿನ ಕುಲ ನಿರ್ಣಯಿಸುವ ವಿದ್ಯೆ ಎರಡೂ ಕಡೆಗೆ ಕೆಟ್ಟದ್ದು.

1801ರಲ್ಲಿ ಪ್ಯಾಟ್ರಿಕ್ ರಸೆಲ್ ಈ ಹಾವಿಗೆ ಶಾಸ್ತ್ರೀಯ ನಾಮಕರಣ ಮಾಡಿದಾಗ, ತರಂಗಂಬಾಡಿಯ ಪಾದ್ರಿ ಕ್ರಿಸ್ಟೋಫ್ ಸ್ಯಾಮ್ಯುಯೆಲ್ ಜಾನ್‌ನ ಹೆಸರನ್ನು ಸೇರಿಸಿದನು. ನಿಧಿ ತೋರಿಸುವ, ಕಾಯಿಲೆ ವಾಸಿಮಾಡುವ ಶಕ್ತಿಯನ್ನು ಇದಕ್ಕೆ ಅಂಟಿಸಿದವರು ಯಾರೋ ತಿಳಿಯದು. ಅದರ ಫಲ ಮಾತ್ರ ಕಣ್ಣೆದುರಿಗಿದೆ. 2016ರಿಂದ 2021ರ ವರೆಗೆ ಪತ್ರಿಕೆಗಳಲ್ಲಿ ವರದಿಯಾದ ಇದರ ಕಳ್ಳಸಾಗಣೆಯ ಪ್ರಕರಣಗಳನ್ನೇ ವನ್ಯಜೀವಿ ಸಂಸ್ಥೆಯೊಂದು ಎಣಿಸಿತು: 172. ಅಮೆರಿಕದಲ್ಲಿ ಗೂಡಿನಲ್ಲಿ ಹುಟ್ಟಿಸಿದ ಬೋವಾ ಹಾವುಗಳನ್ನು ಗಾತ್ರ, ಮೈಕಟ್ಟು, ಬಣ್ಣ ನೋಡಿ ಕೊಂಡು ಸಾಕುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿರುವಾಗ ಮಣ್ಣುಮುಕ್ಕನನ್ನು ಹಿಡಿದಿಟ್ಟುಕೊಳ್ಳುವುದೇ ಅಪರಾಧ.

ಸೆರೆಮನೆಯ ಮಾತು ಕೇಳಿ ಹುಡುಗನ ಮುಖ ಬಿಳುಪೇರಿತು. ಆಮೇಲೆ ನಿಜ ಹೊರಬಿತ್ತು. ಹಾವನ್ನು ಪರೀಕ್ಷಿಸುವ ಪಂಡಿತನನ್ನು ಕರೆತರುವ ಖರ್ಚಿಗೆಂದು ದಲ್ಲಾಳಿ ಹತ್ತು ಸಾವಿರ ರೂಪಾಯಿ ಮುಂಗಡ ತೆಗೆದುಕೊಂಡಿದ್ದಾನೆ. ಕೊಳವೆಬಾವಿಯ ಸಾಲ ತೀರಿಸುವ ಆಸೆಗೆ ತಂದೆ, ತಾಯಿಯ ಓಲೆಯನ್ನು ಗಿರವಿಯಿಟ್ಟು ಅದನ್ನು ಕೊಟ್ಟಿದ್ದಾನೆ. ಹಿಂದಿನ ದಿನದಿಂದ ದಲ್ಲಾಳಿಯ ಫೋನು ಬಡಿದುಕೊಳ್ಳುತ್ತಲೇ ಇಲ್ಲ.

ನಾನು ಬೈಯಬೇಕೆಂದುಕೊಂಡಿದ್ದೆ, ನಾಲಗೆ ಏಳಲಿಲ್ಲ. ಹುಡುಗನೇ ಅರಣ್ಯ ಇಲಾಖೆಗೆ ಫೋನು ಮಾಡಿ, ತಾನಾಗಿ ಒಪ್ಪಿಸುವುದಾಗಿ ಹೇಳಿದ. ಮಧ್ಯಾಹ್ನ ಸಿಬ್ಬಂದಿಯವರು ಬಂದು, ಹೆಸರು, ಊರು ಬರೆದುಕೊಂಡು, ಹಾವನ್ನು ಬಟ್ಟೆಯ ಚೀಲಕ್ಕೆ ಇಳಿಸಿ ಕೊಂಡೊಯ್ದರು. ದಲ್ಲಾಳಿಯ ನಂಬರನ್ನೂ ಬರೆದುಕೊಂಡರು. ತೋಟದಲ್ಲಿ ಎಳನೀರು ಕೊರೆಯುವ ಇಲಿಗಳ ಕಾಟ ಈ ವರ್ಷ ಹೆಚ್ಚೆಂದು ಹುಡುಗ ಮಾತಿನ ನಡುವೆ ಹೇಳಿದ; ಗೆಳೆಯರು ನನ್ನ ಮುಖ ನೋಡಿದರು.

ನನ್ನಾಕೆ ಹೊರಗೆ ಬಂದು, “ಮೊದಲು ಊಟ ಮಾಡಪ್ಪ” ಎಂದಳು. ಎಲೆಯ ಮುಂದೆ ಕುಳಿತು ಅವನು, “ಓಲೆಯ ವಿಷಯ ಅಮ್ಮನಿಗೆ ಇನ್ನೂ ಗೊತ್ತಿಲ್ಲ, ಸಾರ್” ಎಂದ. ಹೊರಡುವಾಗ ಬರಿದಾದ ಗೋಣಿಯನ್ನು ಜಾಡಿಸಿ, ಮಡಿಸಿ, ಕಂಕುಳಲ್ಲಿಟ್ಟುಕೊಂಡ. ಕಾಯಿ ತುಂಬುವ ಚೀಲವಂತೆ, ನಾಳೆ ಬೇಕಂತೆ.