ಬಿಲ್ಲಿನಲ್ಲಿ ಬರೆಯದ ಅಂಕಿ

ಚೆನ್ನೈನ ಜಿ.ಪಿ. ರಸ್ತೆ, ದೆಹಲಿಯ ಕರೋಲ್ ಬಾಗ್, ಬೆಂಗಳೂರಿನ ಜೆ.ಸಿ. ರಸ್ತೆ. ಊರು ಯಾವುದಾದರೂ ಅಲಾಯ್ ಚಕ್ರ ಮಾರುವ ರೀತಿ ಹೆಚ್ಚುಕಡಿಮೆ ಒಂದೇ. ಗೋಡೆಯ ಮೇಲೆ ಸಾಲಾಗಿ ನೇತುಹಾಕಿದ ಚಕ್ರಗಳಲ್ಲಿ ಗಿರಾಕಿ ಒಂದನ್ನು ಬೆರಳು ಮಾಡಿ ತೋರಿಸುತ್ತಾನೆ. ಅಂಗಡಿಯವರು ಕೇಳುವುದು ಎರಡೇ ಪ್ರಶ್ನೆ: ಯಾವ ಗಾಡಿ, ಎಷ್ಟು ಇಂಚು? ನಟ್ಟಿನ ನಾಲ್ಕು ತೂತು ಹೊಂದಿದರೆ ಚಕ್ರ ಹೊಂದಿತು ಎಂದೇ ಲೆಕ್ಕ. ಗಾಡಿ ಚೆಂದ ಕಾಣುತ್ತದೆ, ಫೋಟೊ ತೆಗೆದದ್ದೂ ಆಗುತ್ತದೆ. ಎರಡು ದಿನ ಕಳೆದು ತಿರುವಿನಲ್ಲಿ ಕರ್ರ್ ಎಂಬ ಸದ್ದು ಶುರುವಾಗುತ್ತದೆ. ಮತ್ತೆ ಅಂಗಡಿಗೆ ಹೋದರೆ ಸಿಗುವ ಉತ್ತರ, ಭಾಷೆ ಯಾವುದಾದರೂ, ಒಂದೇ: ಏನೂ ಇಲ್ಲ ಸಾರ್, ಒಂದು ಸ್ಪೇಸರ್ ಹಾಕಿದರೆ ಸರಿಹೋಗುತ್ತದೆ.

ಈ ಸ್ಪೇಸರ್ ಎಂಬುದು ಬಹುಪಾಲು ಸಲ ಅಂಗಡಿಯ ತಪ್ಪಿಗೆ ಗಿರಾಕಿ ಕಟ್ಟುವ ದಂಡ. ತಪ್ಪು ನಡೆದದ್ದು ಚಕ್ರ ಕೊಳ್ಳುವಾಗ, ಒಂದು ಅಂಕಿಯನ್ನು ಯಾರೂ ಕೇಳದೆ ಇದ್ದುದರಿಂದ.

ಆ ಅಂಕಿಯ ಹೆಸರು ಆಫ್‌ಸೆಟ್. ಚಕ್ರದ ಅಗಲದ ನಟ್ಟನಡುವೆ ಒಂದು ಗೆರೆ ಎಳೆದರೆ, ಹಬ್‌ಗೆ ಒತ್ತಿ ಕೂರುವ ಮುಖ ಆ ಗೆರೆಯಿಂದ ಎಷ್ಟು ಮಿಲಿಮೀಟರ್ ದೂರದಲ್ಲಿದೆ ಎಂಬುದೇ ಇದು. ಚಕ್ರದ ಹಿಂಬದಿಯಲ್ಲಿ ಇಟಿ ಎಂಬ ಎರಡು ಅಕ್ಷರದ ಪಕ್ಕ ಇದನ್ನು ಅಚ್ಚು ಹಾಕಿರುತ್ತಾರೆ (ಇಟಿ ಜರ್ಮನ್ ಪದವೊಂದರ ಸಂಕ್ಷೇಪ). ಅಂಕಿ ಹೆಚ್ಚಿದಷ್ಟೂ ಚಕ್ರ ಒಳಕ್ಕೆ, ಅಂದರೆ ಸಸ್ಪೆನ್ಶನ್ ಕಡೆಗೆ ಸರಿಯುತ್ತದೆ. ಕಡಿಮೆಯಾದಷ್ಟೂ ಹೊರಕ್ಕೆ, ಮಡ್‌ಗಾರ್ಡ್ ಕಡೆಗೆ.

ಒಂದು ಲೆಕ್ಕ ಹಾಕಿ ನೋಡೋಣ. ಕಂಪನಿಯಿಂದ ಬಂದ ಚಕ್ರ 5.5 ಇಂಚು ಅಗಲ, ಇಟಿ 45 ಎಂದುಕೊಳ್ಳಿ. ಅಂಗಡಿಯಲ್ಲಿ ಮೆಚ್ಚಿದ್ದು 7 ಇಂಚು ಅಗಲ, ಇಟಿ 42. ಇಂಚಿಗೆ 25.4 ಮಿ.ಮೀ. ಹಳೆಯ ಚಕ್ರದ ಅರ್ಧ ಅಗಲಕ್ಕೆ 45 ಕೂಡಿಸಿದರೆ ಒಳಬದಿಗೆ ಸುಮಾರು 115 ಮಿ.ಮೀ. ಹೊಸದರ ಅರ್ಧ ಅಗಲಕ್ಕೆ 42 ಕೂಡಿಸಿದರೆ 131. ಅಂದರೆ ಚಕ್ರದ ಒಳಅಂಚು 16 ಮಿ.ಮೀ. ಒಳಕ್ಕೆ ಹೋಯಿತು. ಅರ್ಧ ಅಗಲದಿಂದ ಅದೇ ಅಂಕಿ ಕಳೆದರೆ ಹೊರಬದಿಯ ಲೆಕ್ಕ: 22 ಮಿ.ಮೀ. ಹೊರಕ್ಕೂ ಬಂತು. ಹಳೆಯ ಟೈರಿಗೂ ಸ್ಟ್ರಟ್‌ಗೂ ನಡುವೆ ಇದ್ದ ಜಾಗವೇ 15 ಮಿ.ಮೀ. ಆಗಿದ್ದರೆ ಮುಂದೇನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ಅದೇ ಗಾಡಿಗೆ 6 ಇಂಚು, ಇಟಿ 42 ತೆಗೆದುಕೊಂಡಿದ್ದರೆ ಒಳಕ್ಕೆ ಮೂರು ಚಿಲ್ಲರೆ, ಹೊರಕ್ಕೆ ಒಂಬತ್ತು ಚಿಲ್ಲರೆ ಮಿ.ಮೀ. ಅಷ್ಟೇ. ಮೊಬೈಲಿನ ಕ್ಯಾಲ್ಕ್ಯುಲೇಟರಿನಲ್ಲಿ ಎರಡು ನಿಮಿಷದ ಕೆಲಸ ಇದು. ಹತ್ತಾರು ಸಾವಿರದ ವ್ಯಾಪಾರದಲ್ಲಿ ಈ ಎರಡು ನಿಮಿಷ ಯಾರಿಗೂ ಸಿಗುವುದಿಲ್ಲ.

ಉಜ್ಜುವುದು ಎಲ್ಲಿ ಎಂದು ತಿಳಿಯದೆ ಮದ್ದು ಮಾಡುವುದು ಇನ್ನೊಂದು ಚಾಳಿ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಸದ್ದು ಬಂದರೆ ಟೈರು ಕೆಳಗಿನ ಆರ್ಮ್‌ಗೋ ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ಕಿಗೋ ತಾಗುತ್ತಿದೆ. ಐದು ಜನ ಕೂತು, ಡಿಕ್ಕಿ ತುಂಬಿ, ಪುಣೆಯಿಂದ ಬೆಳಗಾವಿ ದಾರಿ ಹಿಡಿದಾಗ ಹಂಪ್ ಮೇಲೆ ಮಾತ್ರ ಬಂದರೆ ಅದು ಮಡ್‌ಗಾರ್ಡ್ ಅಂಚು. ನೇರ ರಸ್ತೆಯಲ್ಲೂ ಬಿಡದೆ ಬಂದು, ಸ್ಟ್ರಟ್ ಕೊಳವೆಯ ಮೇಲೆ ಒಂದು ಕಡೆ ಪಳಪಳ ಹೊಳೆಯುವ ಪಟ್ಟಿ ಮೂಡಿದ್ದರೆ ಅದು ಅಗಲ ಮತ್ತು ಆಫ್‌ಸೆಟ್ಟಿನ ತಪ್ಪು. ಒಂದೇ ಬದಿಯಲ್ಲಿ ಉಜ್ಜುತ್ತಿದ್ದರೆ ಹೊಸ ಚಕ್ರವನ್ನು ದೂರುವ ಮೊದಲು ಆ ಬದಿಯ ಸ್ಟ್ರಟ್, ಬುಷ್‌ಗಳನ್ನು ನೋಡಿಸಬೇಕು. ಯಾವುದೋ ಗುಂಡಿಗೆ ಬಿದ್ದು ಬಾಗಿರುವ ಸಾಧ್ಯತೆ ಇದೆ.

ಭಾರತದ ಚಿಕ್ಕ ಕಾರುಗಳಲ್ಲಿ ಮುಂದಿನ ಸಸ್ಪೆನ್ಶನ್ ಸಾಮಾನ್ಯವಾಗಿ ಮ್ಯಾಕ್‌ಫರ್ಸನ್ ಸ್ಟ್ರಟ್ ಬಗೆಯದು. ಇದರಲ್ಲಿ ಸ್ಟ್ರಟ್ಟಿನ ಕೆಳತುದಿ ಚಕ್ರ ಹಿಡಿದಿರುವ ನಕಲ್‌ಗೇ ಬಿಗಿದಿರುತ್ತದೆ. ಚಕ್ರ ಮೇಲೆ ಹೋದರೆ ಸ್ಟ್ರಟ್ಟೂ ಹೋಗುತ್ತದೆ, ಚಕ್ರ ತಿರುಗಿದರೆ ಸ್ಟ್ರಟ್ಟೂ ತಿರುಗುತ್ತದೆ. ಹೀಗಾಗಿ ಟೈರಿಗೂ ಸ್ಟ್ರಟ್‌ಗೂ ನಡುವಿನ ಜಾಗ ಬದಲಾಗುವುದೇ ಇಲ್ಲ. ತಿರುವಿನಲ್ಲಿ ಟೈರಿನ ರಬ್ಬರ್ ಬಾಗುವಷ್ಟು ಮಾತ್ರ ಕಮ್ಮಿಯಾಗುತ್ತದೆ. ನಿಂತ ಗಾಡಿಯಲ್ಲಿ ತಾಗುವುದು ಓಡುವಾಗಲೂ ತಾಗುತ್ತದೆ. ಸ್ಪ್ರಿಂಗಿನ ಸುತ್ತುಗಳ ನಡುವೆ ರಬ್ಬರ್ ತುರುಕಿ ಗಾಡಿ ಎತ್ತರಿಸುವುದು, ಗಟ್ಟಿ ಸ್ಪ್ರಿಂಗ್ ಹಾಕಿಸುವುದು ಇಲ್ಲಿ ದಂಡದ ಖರ್ಚು. ಆದರೆ ಇದರಲ್ಲೊಂದು ಅನುಕೂಲವೂ ಇದೆ. ಆ ಜಾಗವನ್ನು ಮನೆಯ ಮುಂದೆ ನಿಂತ ಗಾಡಿಯಲ್ಲೇ ಅಳೆಯಬಹುದು. 6 ಮಿ.ಮೀ. ಅಲೆನ್ ಕೀ ಟೈರಿಗೂ ಸ್ಟ್ರಟ್‌ಗೂ ನಡುವೆ ಸಲೀಸಾಗಿ ತೂರಿದರೆ ನಿಶ್ಚಿಂತೆ. ತೂರದಿದ್ದರೆ ಸದ್ದು ಬರುವವರೆಗೆ ಕಾಯಬಾರದು. ಟೈರಿನಲ್ಲಿ ಪಕ್ಕದ ಗೋಡೆಯೇ ತೆಳು. ಅಲ್ಲಿ ಒಳಗಿನ ನೂಲು ಕಾಣುವಷ್ಟು ಸವೆದರೆ ಪಂಕ್ಚರ್ ಅಂಗಡಿಯವನೂ ಕೈಚೆಲ್ಲುತ್ತಾನೆ, ಅದಕ್ಕೆ ತೇಪೆ ಇಲ್ಲ. ಸವೆತ ಇರುವುದು ಒಳಬದಿಯಲ್ಲಿ, ಗಾಡಿ ತೊಳೆಯುವವನ ಕಣ್ಣಿಗೂ ಬೀಳದ ಕಡೆ. ಖಂಡಾಲ ಘಾಟಿನ ಇಳಿಜಾರಿನಲ್ಲಿ, ಮಳೆಯಲ್ಲಿ, ಮನೆಮಂದಿಯೆಲ್ಲ ಕೂತಿರುವಾಗ ಮುಂದಿನ ಟೈರು ಸಿಡಿಯುವುದು ಇಂಥ ಸವೆತದಿಂದಲೂ ಆಗಬಹುದು.

ಇನ್ನು ಸ್ಪೇಸರ್. ಅದು ಕೆಟ್ಟ ವಸ್ತುವೇನಲ್ಲ. ಸರಿಯಾಗಿ ಮಾಡಿದ, ತೆಳುವಾದ ಒಂದು ಸ್ಪೇಸರ್ ಎರಡು ಮೂರು ಮಿ.ಮೀ. ಕೊರತೆಯನ್ನು ನೀಗಿಸಬಲ್ಲದು. ಆದರೆ ಮೇಲಿನ ಲೆಕ್ಕದಲ್ಲಿ ಬೇಕಾಗುವುದು ಐದಾರು ಮಿ.ಮೀ. ಅಷ್ಟು ದಪ್ಪ ಸ್ಟಡ್ಡಿನ ಉದ್ದದಲ್ಲಿ ಕಳೆಯುತ್ತದೆ. 12 ಮಿ.ಮೀ. ದಪ್ಪದ ಸ್ಟಡ್ಡಿಗೆ ನಟ್ಟು ಕನಿಷ್ಠ 12 ಮಿ.ಮೀ. ಮರೆ ಹಿಡಿಯಬೇಕು ಎಂಬುದು ಎಷ್ಟೋ ಮೆಕ್ಯಾನಿಕ್‌ಗಳು ಪಾಲಿಸುವ ಲೆಕ್ಕ. ನಟ್ಟು ಎಂಟು ಸುತ್ತಿನ ಬದಲು ನಾಲ್ಕೇ ಸುತ್ತಿಗೆ ಬಿಗಿಯಾದರೆ ಅದು ಬಿಗಿಯಲ್ಲ. ಹಬ್‌ನ ನಡುವೆ ಮುಂದಕ್ಕೆ ಚಾಚಿದ ಅಂಚೊಂದಿರುತ್ತದೆ. ಚಕ್ರವನ್ನು ನಡುಮಧ್ಯಕ್ಕೆ ಕೂರಿಸುವುದು ಅದೇ. ಮಾರುತಿ ಸ್ವಿಫ್ಟ್‌ನಲ್ಲಿ ಇದರ ವ್ಯಾಸ 54.1 ಮಿ.ಮೀ. ಹೊರಗಿನ ಚಕ್ರಗಳ ನಡುತೂತು ಹಲವು ಗಾಡಿಗಳಿಗೆ ಆಗಲೆಂದು 73.1 ಮಿ.ಮೀ. ವರೆಗೂ ಇರುತ್ತದೆ, ಆ ಖಾಲಿ ಜಾಗ ತುಂಬಲು ಹಬ್ ರಿಂಗ್ ಬೇಕು. ಚಪ್ಪಟೆ ಸ್ಪೇಸರ್ ಹಾಕಿದರೆ ಆ ಅಂಚೇ ಮುಳುಗುತ್ತದೆ. ಆಮೇಲೆ ಎಂಬತ್ತರ ವೇಗದಲ್ಲಿ ಸ್ಟೀರಿಂಗ್ ನಡುಗತೊಡಗಿ, ಮೂರು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗುವುದಿಲ್ಲ. ಅಷ್ಟರಲ್ಲಿ ಮೊದಲೇ 22 ಮಿ.ಮೀ. ಹೊರಗೆ ಬಂದಿದ್ದ ಚಕ್ರ ಇನ್ನೂ ಐದಾರು ಮಿ.ಮೀ. ಹೊರಗೆ ಬಂದು ಮಡ್‌ಗಾರ್ಡ್ ಅಂಚಿಗೆ ತಾಗುತ್ತದೆ. ಆಗ ಸುತ್ತಿಗೆ ಹೊರಬರುತ್ತದೆ, ಅಂಚು ಬಡಿದು ಮಡಿಸುತ್ತಾರೆ, ಬಣ್ಣ ಬಿರಿಯುತ್ತದೆ, ಮುಂಬೈ ಚೆನ್ನೈಯ ಕಡಲ ಗಾಳಿ ಉಳಿದ ಕೆಲಸ ಮುಗಿಸುತ್ತದೆ.

ಕಾಯ್ದೆಯನ್ನು ತೋರಿಸಿ ಇದನ್ನೆಲ್ಲ ತಡೆಯಬಹುದೆಂದು ನಂಬುವವರಿದ್ದಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಸೂಚಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಆದರೆ ನೋಂದಣಿ ಪತ್ರದಲ್ಲಿ ಆಫ್‌ಸೆಟ್ ಬರೆದಿರುವುದಿಲ್ಲ, ಮತ್ತು ಆ ಕಲಂ ಹೇಳುವುದು ಮಾಲೀಕನಿಗೆ, ಚಕ್ರ ಮಾರಿದವನಿಗಲ್ಲ. ಜರ್ಮನಿಯಲ್ಲಿ ಹೊರಗಿನ ಚಕ್ರದ ಜೊತೆ ಒಂದು ಕಾಗದವೂ ಬರುತ್ತದೆ: ಯಾವ ಮಾದರಿಯ ಕಾರಿಗೆ, ಯಾವ ಅಳತೆಯ ಟೈರಿನೊಡನೆ, ಯಾವ ಷರತ್ತಿನ ಮೇಲೆ ಹಾಕಬಹುದು ಎಂದು. ಅಲ್ಲಿನವರಿಗೂ ಚೆಂದದ ಚಕ್ರದ ಹುಚ್ಚು ಕಡಿಮೆಯೇನಿಲ್ಲ.

ಇಲ್ಲಿ ಅಂಥ ಕಾಗದ ಬರುವವರೆಗೆ ಬಿಲ್ಲೇ ಗತಿ. ಅಗಲ, ಆಫ್‌ಸೆಟ್, ತೂತುಗಳ ನಡುವಿನ ಮೂಲಕ ಹಾಯುವ ವೃತ್ತದ ವ್ಯಾಸ ಅಂದರೆ ಪಿಸಿಡಿ, ನಡುತೂತಿನ ವ್ಯಾಸ, ಈ ನಾಲ್ಕು ಅಂಕಿ ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಗಾಡಿಯ ಹೆಸರನ್ನೂ, ಉಜ್ಜಿದರೆ ವಾಪಸು ಎಂಬ ಒಂದು ಸಾಲನ್ನೂ ಸೇರಿಸಬೇಕು. ಬರೆಯಲು ಹಿಂದೆಮುಂದೆ ನೋಡುವ ಅಂಗಡಿಗೆ ತನ್ನ ಚಕ್ರದ ಮೇಲೆ ತನಗೇ ನಂಬಿಕೆ ಇಲ್ಲವೆಂದು ತಿಳಿಯಬೇಕು. ಟೈರು ಏರಿಸುವ ಮೊದಲು ಬರೀ ಚಕ್ರವನ್ನು ಮುಂದಿನ ಹಬ್‌ಗೆ ಕೂರಿಸಿ ಬ್ರೇಕ್ ಕ್ಯಾಲಿಪರ್ ತಾಗುತ್ತದೆಯೇ, ಸ್ಟ್ರಟ್‌ನಿಂದ ಎಷ್ಟು ದೂರವಿದೆ ಎಂದು ನೋಡಬೇಕು, ಏಕೆಂದರೆ ಟೈರು ಏರಿದ ಚಕ್ರವನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಈಗಾಗಲೇ ಕೊಂಡು ಉಜ್ಜುತ್ತಿದ್ದರೆ, ಆ ಅಗಲದ ಚಕ್ರಕ್ಕೆ ಟೈರು ಕಂಪನಿ ಒಪ್ಪುವ ಅಳತೆಗಳಲ್ಲಿ ಇನ್ನೂ ಕಿರಿದಾದ ಟೈರು ಇದೆಯೇ ಎಂದು ಮೊದಲು ವಿಚಾರಿಸಬೇಕು. ಅದೂ ಸಾಲದೆ ಹೋದರೆ ಚಕ್ರ ಮಾರಿ ಹಳೆಯದಕ್ಕೆ ಮರಳುವುದೇ ಅಗ್ಗ. ಕಂಪನಿಯ ಹಳೆಯ ಚಕ್ರಗಳನ್ನು ಅಂಗಡಿಯಲ್ಲೇ ಬಿಟ್ಟು ನೂರಿನ್ನೂರು ಕಡಿಮೆ ಮಾಡಿಸಿಕೊಂಡವರಿಗೆ ಆ ದಾರಿಯೂ ಮುಚ್ಚಿರುತ್ತದೆ.