ಊಟದ ಮ್ಯಾಲಿನ ಚಾ

ಆಳಂದ ಬಸ್ ಸ್ಟ್ಯಾಂಡಿನಾಗ ಇಳಿದ್ರ ಚಾ, ಅಫಜಲಪುರದಾಗ ಬೀಗರ ಮನಿಗೆ ಹೋದ್ರ ಚಾ, ಜೇವರ್ಗಿಯಲ್ಲಿ ತೊಗರಿ ಮಾರಿ ಹೊರಬಿದ್ರೂ ಚಾ. ಹಿಂಗ ದಿನಕ್ಕ ಏಳೆಂಟು ಕಪ್ ಕುಡಿದ್ರ ಆರೋಗ್ಯ ಕೆಡ್ತದೇನು?

ಐಸಿಎಂಆರ್‌ನ 2024ರ ಆಹಾರ ಮಾರ್ಗಸೂಚಿ ಪ್ರಕಾರ 150 ಮಿ.ಲೀ. ಚಹಾದಲ್ಲಿ 30ರಿಂದ 65 ಮಿ.ಗ್ರಾಂ ಕೆಫೀನ್ ಇರ್ತದ. ದಿನದ ಮಿತಿ 300. ಹೋಟೆಲಿನ ಸಣ್ಣ ಕಪ್ಪಿನ ಲೆಕ್ಕದಾಗ ಏಳೆಂಟು ಕುಡಿದ್ರೂ ಮಿತಿ ದಾಟೋದು ಕಷ್ಟ. ಆದ್ರ ಕಪ್ಪಿಗೆ ಎರಡು ಚಮಚ ಸಕ್ಕರಿ ಹಾಕಿದ್ರ ಎಂಟು ಕಪ್ಪಿಗೆ ಸುಮಾರು 64 ಗ್ರಾಂ ಆಯ್ತು. ಅದು ಹೆಚ್ಚೇ.

ನನಗ ನಿಜವಾದ ಪಾಠ ಕಲಿಸಿದ್ದು ಅವ್ವನ ರಕ್ತದ ರಿಪೋರ್ಟ್. ತಿಂಗಳುಗಟ್ಟಲೆ ಕಬ್ಬಿಣಾಂಶದ ಗುಳಿಗಿ ತಗೊಂಡ್ರೂ ಹಿಮೋಗ್ಲೋಬಿನ್ 9 ದಾಟಲಿಲ್ಲ. ಕೊನೆಗೆ ಡಾಕ್ಟರು ಕೇಳಿದ್ರು: "ಗುಳಿಗಿ ಯಾವುದರ ಜೊತಿ ನುಂಗ್ತೀರಿ?"

"ಊಟ ಆದ ಕೂಡ್ಲೆ, ಚಾದ ಜೊತಿ."

ಚಹಾದ ಟ್ಯಾನಿನ್ ಹೊಟ್ಟಿಯೊಳಗ ಕಬ್ಬಿಣಾಂಶವನ್ನ ಹಿಡಿದಿಟ್ಟು, ರಕ್ತಕ್ಕ ಸೇರಗೊಡೋದಿಲ್ಲ. ಗುಳಿಗಿ ಅಷ್ಟೇ ಅಲ್ಲ, ಜ್ವಾಳದ ರೊಟ್ಟಿ, ತೊಗರಿ ಬ್ಯಾಳಿ, ಸೊಪ್ಪಿನ ಕಬ್ಬಿಣಾಂಶಕ್ಕೂ ಅದೇ ಗತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಅದ. ಅದಕ್ಕೆಲ್ಲಾ ಚಾ ಒಂದೇ ಕಾರಣ ಅಲ್ಲ. ಆದ್ರ ಊಟದ ಹಿಂದ-ಮುಂದ ಒಂದೊಂದು ತಾಸು ಚಾ ಬಿಡೋದಕ್ಕ ಖರ್ಚೇನೂ ಇಲ್ಲ. ಊಟಕ್ಕ ನಿಂಬಿಹಣ್ಣು ಹಿಂಡಿಕೊಂಡ್ರ ಕಬ್ಬಿಣಾಂಶ ಇನ್ನೂ ಚೊಲೊ ಸೇರ್ತದ.

ಅವ್ವ ಚಾ ಬಿಟ್ಟಿಲ್ಲ. ಮಧ್ಯಾಹ್ನದ ಕಪ್ಪನ್ನ ನಾಲ್ಕು ಗಂಟೆಗೆ ಸರಿಸ್ಯಾಳ. ಮೂರು ತಿಂಗಳ ನಂತರದ ರಿಪೋರ್ಟಿನಾಗ 10.8 ಇತ್ತು.

ಇವತ್ತು ಮನಿಗೆ ಫೋನ್ ಮಾಡಿದಾಗ "ಊಟ ಆಯ್ತಾ?" ಅಂದ ಮ್ಯಾಲ ಇನ್ನೊಂದು ಮಾತು ಕೇಳ್ರಿ: "ಚಾ ಯಾವಾಗ ಕುಡಿದಿ?"