ಬಚ್ಚಲ ಒಲೆಗೆ ಪ್ಲಾಸ್ಟಿಕ್ ಹಾಕಬೇಡಿ!

ಹಬ್ಬುವಾಡ, ನಂದನಗದ್ದಾ, ಕೋಡಿಬಾಗ, ಬಿಣಗಾದ ತಾಯಂದಿರೇ, ಅಕ್ಕ-ತಂಗಿಯರೇ. ಅವರ್ಸಾ, ಬೇಲೆಕೇರಿ, ಅಂಕೋಲೆಯ ಕೇರಿಕೇರಿಯ ಹೆಂಗಸರೇ,

ಬೆಳಗಾಗುವ ಮೊದಲೇ ಎದ್ದು ಹಂಡೆಗೆ ನೀರು ತುಂಬಿ ಒಲೆ ಹೊತ್ತಿಸುವವರು ನೀವು. ಮಳೆಗಾಲದಲ್ಲಿ ಸೌದೆಯೂ ಹಸಿ, ಮಡ್ಲೂ ಹಸಿ. ಎಷ್ಟು ಊದಿದರೂ ಬೆಂಕಿ ಹಿಡಿಯುವುದಿಲ್ಲ. ಆಗ ಕೈಗೆ ಸಿಗುವುದು ಹಾಲಿನ ಕೊಟ್ಟೆ, ಬಿಸ್ಕತ್ತಿನ ಕೊಟ್ಟೆ, ಹರಿದ ಚಪ್ಪಲಿ, ಸೌದೆಗೆ ಹೊದಿಸಿದ್ದ ಹಳೇ ಫ್ಲೆಕ್ಸ್ ಬ್ಯಾನರಿನ ತುಂಡು. ಭರ್ರನೆ ಹೊತ್ತಿಕೊಳ್ಳುತ್ತದೆ. ಯಾರೂ ನೋಡದ ಹೊತ್ತಿನಲ್ಲಿ ಮುಟ್ಟಿನ ಪ್ಯಾಡೂ ಅದೇ ಒಲೆ ಸೇರುತ್ತದೆ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಆ ಹೊಗೆ ಮೊದಲು ಹೋಗುವುದು ನಿಮ್ಮ ಎದೆಯೊಳಗೆ.

2010ರಲ್ಲಿ ಬೇಲೆಕೇರಿ ಬಂದರಿನ ಕಬ್ಬಿಣದ ಅದಿರಿನ ಅಕ್ರಮ ಸಾಗಾಟ ಇಡೀ ದೇಶಕ್ಕೆ ಸುದ್ದಿಯಾಯಿತು. ಲಾರಿಯ ಕೆಂಪು ಧೂಳು ಎಲ್ಲರ ಕಣ್ಣಿಗೂ ಬೀಳುವಂಥದ್ದು, ಅದರ ಬಗ್ಗೆ ಎಲ್ಲರೂ ಮಾತಾಡಿದರು. ಬಚ್ಚಲ ಹೊಗೆಯ ಬಗ್ಗೆ ಮಾತಾಡುವವರಿಲ್ಲ, ಏಕೆಂದರೆ ಅದನ್ನು ಉಸಿರಾಡುವವರು ಹೆಂಗಸರು.

ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಂದು ಬೀಡಿಯನ್ನೂ ಸೇದದ ಹೆಂಗಸಿಗೆ ದಮ್ಮು ಹತ್ತುವುದು, ಕಣ್ಣಿಗೆ ಪೊರೆ ಬರುವುದು, ಬಸುರಿಯ ಹೊಟ್ಟೆಯ ಕೂಸು ತೂಕ ಕಡಿಮೆಯಾಗಿ ಹುಟ್ಟುವುದು, ಇವಕ್ಕೆಲ್ಲ ವರ್ಷಗಟ್ಟಲೆ ಕುಡಿದ ಒಲೆಯ ಹೊಗೆ ಕಾರಣವಾಗಬಲ್ಲದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ನಮ್ಮ ರಾಜ್ಯದಲ್ಲಿ 15ರಿಂದ 49 ವಯಸ್ಸಿನ 100 ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಇರುವ ರಕ್ತವೇ ಕಡಿಮೆ, ಅದರಲ್ಲೂ ಒಂದು ಪಾಲನ್ನು ಹೊಗೆ ಕಟ್ಟಿಹಾಕುತ್ತದೆ. ಮಧ್ಯಾಹ್ನದ ಹೊತ್ತಿಗೇ ಬರುವ ತಲೆನೋವು, ಸುಸ್ತನ್ನು "ವಯಸ್ಸಾಯ್ತು ಬಿಡು" ಎಂದು ನುಂಗಿಕೊಳ್ಳಬೇಡಿ.

ಬರೀ ಸೌದೆಯ ಹೊಗೆಗೇ ಇಷ್ಟು. ಪ್ಲಾಸ್ಟಿಕ್ ಸೇರಿದರೆ ಅದು ವಿಷ. ಫ್ಲೆಕ್ಸ್ ಬ್ಯಾನರು, ಪೈಪಿನ ತುಂಡು, ವೈರಿನ ಸಿಪ್ಪೆ ಪಿವಿಸಿಯಿಂದ ಆದವು. ಪಿವಿಸಿಯಲ್ಲಿ ಕ್ಲೋರಿನ್ ಇದೆ. ಒಲೆಯ ಅರೆಬರೆ ಬೆಂಕಿಯಲ್ಲಿ ಅದು ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಇದು ಕ್ಯಾನ್ಸರ್ ತರುತ್ತದೆ, ದೇಹದ ಹಾರ್ಮೋನುಗಳನ್ನು ಕೆಡಿಸುತ್ತದೆ. ಕೊಬ್ಬಿನಲ್ಲಿ ಕೂತುಬಿಡುತ್ತದೆ, ಒಳಗೆ ಹೋದದ್ದು ಅರ್ಧಕ್ಕೆ ಇಳಿಯಲು 7ರಿಂದ 11 ವರ್ಷ ಬೇಕು. ಎದೆಹಾಲಿನಲ್ಲೂ ಇಳಿಯುತ್ತದೆ. ಹಾಗೆಂದು ಯಾವ ತಾಯಿಯೂ ಹಾಲೂಡಿಸುವುದನ್ನು ನಿಲ್ಲಿಸಬಾರದು. ಕೂಸಿಗೆ ಎದೆಹಾಲಿಗಿಂತ ಒಳ್ಳೆಯದು ಬೇರೆ ಇಲ್ಲ. ನಿಲ್ಲಬೇಕಾದದ್ದು ಒಲೆಗೆ ಪ್ಲಾಸ್ಟಿಕ್ ಹಾಕುವುದು.

ಪ್ಯಾಡಿನ ಮಾತನ್ನು ನಾಚಿಕೆ ಬಿಟ್ಟು ಆಡೋಣ. ಅದರಲ್ಲಿ ಪ್ಲಾಸ್ಟಿಕ್ ಪದರವೂ ಇದೆ. ಸುಡುವುದು ನಿಮ್ಮ ತಪ್ಪೆಂದು ನಾವು ಹೇಳುವುದಿಲ್ಲ. ಕಸದ ಗಾಡಿಯವರ ಕೈಗೆ ಹೇಗೆ ಕೊಡುವುದು, ನೆರೆಯವರು ಏನೆಂದಾರು ಎಂಬ ಸಂಕೋಚ ನಮಗೂ ಗೊತ್ತು. ಆದರೆ ಪ್ಯಾಡನ್ನು ಭದ್ರವಾಗಿ ಸುತ್ತಿ ಕೊಡಬೇಕೆಂದು, ಸುತ್ತಲು ಚೀಲವನ್ನು ಪ್ಯಾಡ್ ಕಂಪನಿಯೇ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಬರೆದಿತ್ತು. ಚೀಲ ಪಡೆಯುವುದು, ಪ್ಯಾಡನ್ನು ಗಾಡಿಗೆ ಕೊಡುವುದು ನಿಮ್ಮ ಹಕ್ಕು. ಬಟ್ಟೆ ಬಳಸುವವರು ಚೆನ್ನಾಗಿ ತೊಳೆದು ಬಿಸಿಲಲ್ಲೇ ಒಣಗಿಸಿ, ಕತ್ತಲ ಮೂಲೆಯಲ್ಲಿ ಬೇಡ.

ಗಂಡಸರೇ, ನಿಮಗೂ ಒಂದು ಮಾತು. ಗದ್ದೆಯ ಅಂಚಿನಲ್ಲಿ, ರಸ್ತೆ ಬದಿಯಲ್ಲಿ ಕಸ ಗುಡ್ಡೆ ಹಾಕಿ ಬೆಂಕಿ ಇಡುವವರು ಹೆಚ್ಚಾಗಿ ನೀವೇ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ರಾಶಿಗೆ 25,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಆದೇಶಿಸಿದೆ. ಬೇಸಿಗೆಯಲ್ಲೇ ಸೌದೆ ಕೂಡಿಟ್ಟು ಒಣಗಿಸಿಡಿ. ಬಚ್ಚಲಿಗೆ ಹೊಗೆ ಕೊಳವೆ ಹಾಕಿಸಿ. ಭಾರತೀಯ ವಿಜ್ಞಾನ ಸಂಸ್ಥೆಯವರು ಹೊಗೆ ಕೊಳವೆಯಿರುವ ಅಸ್ತ್ರ ಒಲೆ ಕೊಟ್ಟು ದಶಕಗಳೇ ಆದವು. ಕಡಿಮೆ ಸೌದೆ ಸಾಕು, ಹೊಗೆ ಮಾಡಿನ ಮೇಲೆ ಹೋಗುತ್ತದೆ. ಮೊಬೈಲಿಗೆ ಖರ್ಚು ಮಾಡುವ ಮನೆಗೆ ಒಂದು ಹೊಗೆ ಕೊಳವೆ ಭಾರವಲ್ಲ.

ಈ ವಾರದಿಂದಲೇ ಶುರು ಮಾಡೋಣ. ಒಲೆ ಹೊತ್ತಿಸಲು ಒಣ ಗೆರಟೆ, ತೆಂಗಿನ ಸಿಪ್ಪೆ ಒಂದು ಡಬ್ಬಿಯಲ್ಲಿ ಬೇರೆ ಇಡಿ. ಕೊಟ್ಟೆಗಳನ್ನು ತೊಳೆದು ಒಣಗಿಸಿ ಕಸದ ಗಾಡಿಗೆ ಕೊಡಿ. ಕೆಮ್ಮು, ದಮ್ಮು ತಿಂಗಳುಗಟ್ಟಲೆ ಬಿಡದಿದ್ದರೆ ಕಾರವಾರದ ಜಿಲ್ಲಾ ಆಸ್ಪತ್ರೆಗೆ ಹೋಗಿ, "ನಾನು ಇಷ್ಟು ವರ್ಷದಿಂದ ಒಲೆಯ ಮುಂದೆ ಕೂರುತ್ತೇನೆ" ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಆಶಾ ಅಕ್ಕನ ಹತ್ತಿರ ರಕ್ತ ಪರೀಕ್ಷೆಯ ಬಗ್ಗೆ ಕೇಳಿ.

ಅಂಕೋಲೆಯ ಬಡಗೇರಿಯ ಸುಕ್ರಜ್ಜಿ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ನಿಂತದ್ದು ಇದೇ ನೆಲದಲ್ಲಿ. ನಾವು ಕೇಳುವುದು ಅಷ್ಟು ದೊಡ್ಡದೇನಲ್ಲ. ಮಳೆಗಾಲದಲ್ಲೂ ತಪ್ಪದೆ ಕಸದ ಗಾಡಿ ಬರಲಿ, ಪ್ಯಾಡಿಗೆ ಮುಚ್ಚಳವಿರುವ ಬೇರೆ ಡಬ್ಬಿ ಇರಲಿ. ಪ್ರತಿ ಕೇರಿಯಿಂದ ಹತ್ತು ಹೆಂಗಸರು ಸಹಿ ಹಾಕಿ ಅರ್ಜಿ ಬರೆಯಿರಿ. ಕಾರವಾರದವರು ನಗರಸಭೆಗೆ, ಅಂಕೋಲೆಯವರು ಪುರಸಭೆಗೆ, ಹಳ್ಳಿಯವರು ಪಂಚಾಯತಿಗೆ ಕೊಡಿ, ಸ್ವೀಕೃತಿ ಪಡೆಯದೆ ಬರಬೇಡಿ.

ಓದಿದ ಮೇಲೆ ಈ ಹಾಳೆಯನ್ನು ಪಕ್ಕದ ಮನೆಗೆ ಕೊಡಿ. ಓದಲು ಬಾರದ ಅಜ್ಜಿಗೆ ಓದಿ ಹೇಳಿ.

— ನಿಮ್ಮದೇ ಕೇರಿಯ ಹೆಂಗಸರು, ಹಬ್ಬುವಾಡ